ಆಟ ನಿಲ್ಲಿಸುತ್ತಿದ್ದ ಶೇಕ್ಷಾವಲಿ ಸರ್

ತಾವು ಗೆದ್ದ ಅತಿ ದೊಡ್ಡ ಪಂದ್ಯವೇ ಶೇಕ್ಷಾವಲಿ ಸರ್‌ಗೆ ನೆನಪಿರಲಿಲ್ಲ. ಬಳ್ಳಾರಿ ಹತ್ತಿರದ ಮೋಕದಲ್ಲಿ ನಡೆದ ಕಬಡ್ಡಿ ಫೈನಲ್ ಅದು. ಮೊದಲರ್ಧದಲ್ಲೇ ಎದುರಾಳಿಯ ಮೊಣಕಾಲು ತಲೆಗೆ ಬಡಿದು ಇವರು ಉರುಳಿಬಿದ್ದರಂತೆ. ಜನ ತಲೆ ಮೇಲೆ ನೀರು ಸುರಿದು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದು, ಕಣ್ಣು ಬಿಟ್ಟ ಕೂಡಲೇ ಅಂಕಣಕ್ಕೆ ತಳ್ಳಿದರು. ಇವರು ಆಡಿದರು, ಗೆದ್ದರು, ಹೆಗಲ ಮೇಲೆ ಮೆರೆದರು. ಮರುದಿನ ಕೌಲ್ ಬಜಾರಿನ ಮನೆಯಲ್ಲಿ ಎದ್ದು, "ಅಮ್ಮೀ, ಮ್ಯಾಚು ಇವತ್ತಲ್ಲೇನು?" ಎಂದು ಕೇಳಿದರಂತೆ.

ಹಳಬರು ಆ ಆಟವನ್ನು ಹೊಗಳಿದರೆ ಅವರ ಸಿಟ್ಟು ನೆತ್ತಿಗೇರುತ್ತಿತ್ತು. "ನೀವೆಲ್ಲಾ ನೋಡೀರಿ, ಆಡಿದಾವ ನಾನು ನೋಡಿಲ್ಲ. ಅದೆಂಥಾ ಗೆಲುವ್ರಿ?"

ಕುರುಗೋಡಿನ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಮಾಸ್ತರು, ನಾನು ಕನ್ನಡದವನು. ಸಣಕಲು ಮೈ, ಮೈದಾನ ನಡುಗಿಸುವ ಗಂಟಲು. ಹುಡುಗನೊಬ್ಬ ತಲೆಗೆ ಪೆಟ್ಟು ತಿಂದು ಬಿದ್ದಾಗ ಯಾರಾದರೂ ಉಳ್ಳಾಗಡ್ಡಿ ಹಿಡಿದು ಓಡಿ ಬಂದರೆ "ಅದನ್ನ ಒಗ್ಗರಣಿಗೆ ಹಾಕ್ರಿ!" ಎಂದು ಗದರುತ್ತಿದ್ದರು. ಬಿದ್ದವನನ್ನು ಕೂರಿಸಿ, ಇವತ್ತು ಯಾವ ವಾರ, ಮುಂಜಾನೆ ಏನು ತಿಂದೆ ಎಂದು ವಿಚಾರಿಸುವರು. ಅವನು ಎಲ್ಲಕ್ಕೂ ಸರಿ ಉತ್ತರ ಕೊಟ್ಟರೂ ಆ ದಿನ ಆಟ ಬಂದ್.

"ಕಾಲು ಮುರಿದ್ರ ಕುಂಟ್ತಾನ, ಕಾಣ್ತೈತಿ. ತಲಿ ಒಳಗ ಆಗಿದ್ದು ಯಾರಿಗೂ ಕಾಣಂಗಿಲ್ಲಲೇ. ಎಚ್ಚರ ತಪ್ಪದಿದ್ರೂ ಪೆಟ್ಟು ಪೆಟ್ಟೇ. ಅದು ವಾಸಿ ಆಗೋ ಮೊದ್ಲು ಇನ್ನೊಂದು ಬಿದ್ರ ಜೀವಾನೇ ಹೋದೀತು," ಎನ್ನುವರು. ಡಾಕ್ಟರು ಒಪ್ಪಿದ ಮೇಲೂ ಮೊದಲು ನಡಿಗೆ, ಆಮೇಲೆ ಓಟ, ಕೊನೆಗೆ ಕಬಡ್ಡಿ.

ಸಿರುಗುಪ್ಪದ ಪಂದ್ಯಕ್ಕೆ ಅವರೇ ಅಂಪೈರ್. ಎರಡೂ ತಂಡಗಳ ಅಂಕ ಸಮ ಸಮ ಇದ್ದಾಗ ರಾರಾವಿಯ ರೈಡರ್ ಈರಣ್ಣನ ತಲೆ ನೆಲಕ್ಕೆ ಅಪ್ಪಳಿಸಿತು. ಅವನು ಎದ್ದ, ಮೈ ಕೊಡವಿಕೊಂಡ, ಎದುರು ತಂಡದ ಸಾಲಿನಲ್ಲಿ ಹೋಗಿ ನಿಂತುಬಿಟ್ಟ! ಜನ ನಕ್ಕರು. ಸರ್ ನಗಲಿಲ್ಲ.

"ಇದು ಯಾವ ಊರಲೇ?"

"ನಮ್ಮೂರ್ರಿ ಸರ, ರಾರಾವಿ."

ಅವನನ್ನು ಹೊರಗೆ ಕೂರಿಸಿದ್ದೇ ತಡ, ಪಂದ್ಯ ಏರ್ಪಡಿಸಿದ್ದ ಕಮಿಟಿಯ ಅಧ್ಯಕ್ಷ ಎಗರಿ ಬಂದ. "ಎದ್ದು ನಿಂತಾನಲ್ರಿ! ಗಂಡಸು ಅದಾನ, ಆಡ್ತಾನ!"

"ಗಂಡಸ್ತನ ಮಿದುಳಿಗೆ ಗೊತ್ತಿಲ್ರಿ. ಇವನ್ನ ದವಾಖಾನಿಗೆ ಕಳಸೋತನಕ ನಾ ಸೀಟಿ ಊದಂಗಿಲ್ಲ."

ಜನ ನೀರಿನ ಪಾಕೀಟು ಎಸೆದರು, ಬಾಯಿಗೆ ಬಂದಂತೆ ಬೈದರು. ಸರ್ ಕದಲಲಿಲ್ಲ. ಬಳ್ಳಾರಿಗೆ ಹೋಗುವ ದಾರಿಯಲ್ಲಿ ಈರಣ್ಣ ವಾಂತಿ ಮಾಡಿಕೊಂಡ, ಮಾತು ತೊದಲಿತು. ಆಸ್ಪತ್ರೆಯಲ್ಲಿ ಇಟ್ಟುಕೊಂಡರು, ಉಳಿದ. ಕಮಿಟಿಯವರಲ್ಲಿ ಒಬ್ಬನೂ ಬಂದು ಸರ್‌ಗೆ ಒಳ್ಳೆಯ ಮಾತು ಹೇಳಲಿಲ್ಲ. "ಆಟ ಕೆಡಿಸ್ತಾರ" ಎಂಬ ಹೆಸರು ಕಟ್ಟಿ, ಆಮೇಲೆ ಎಲ್ಲಿಗೂ ಕರೆಯಲಿಲ್ಲ. ಒಂದು ಜೀವ ಉಳಿಸಿದ್ದಕ್ಕೆ ಸಿಕ್ಕ ಬಹುಮಾನ ಅದು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಕಳೆದ ವರ್ಷ ಅವರು ತೀರಿಕೊಂಡರು. ಬದುಕಿದ್ದಾಗ ದೂರವಿಟ್ಟ ಅದೇ ಕಮಿಟಿಯ ಜನ ಕುರುಗೋಡಿನಲ್ಲಿ ಅವರ ಸ್ಮರಣಾರ್ಥ ಪಂದ್ಯ ಇಟ್ಟರು. ಅವರ ಮನೆಯಿಂದ ಫೋಟೋ ತಂದುಕೊಟ್ಟವನು ನಾನು. ಅದಕ್ಕೆ ಹಾರ ಹಾಕಿ, ಮೈಕು ನನ್ನ ಕೈಗೆ ಕೊಟ್ಟರು. "ಸರ್ ಹೆಸರಿನಲ್ಲಿ ಆಡುವುದಾದರೆ, ತಲೆಗೆ ಏಟು ಬಿದ್ದವನು ಇವತ್ತು ಮತ್ತೆ ಅಂಕಣಕ್ಕೆ ಇಳಿಯಬಾರದು" ಎಂದೆ. ಭರ್ಜರಿ ಚಪ್ಪಾಳೆ ಬಿತ್ತು.

ಸೆಮಿಫೈನಲ್ ಪಂದ್ಯದಲ್ಲಿ ಒಬ್ಬ ಆಟಗಾರ ತಲೆ ಕೆಳಗಾಗಿ ಬಿದ್ದ. ಬಿಂದಿಗೆ ಬಂತು, ನೀರು ಸುರಿದರು. "ಆಡ್ತಿ ಹೌದಿಲ್ಲೋ?" ಅವನು ಹೂಂ ಎಂದು ತಲೆಯಾಡಿಸಿದ. ನಾನು ಒಳಗೆ ನುಗ್ಗಿ ಅವನ ರಟ್ಟೆ ಹಿಡಿದೆ.

"ಸರ, ನೀವು ಕುಂದರ್ರಿ. ಸೆಮಿಫೈನಲ್ ಐತಿ," ಎಂದು ಅಧ್ಯಕ್ಷ ನನ್ನ ಕೈ ಬಿಡಿಸಿ, ಬಲು ಮರ್ಯಾದೆಯಿಂದ ಕುರ್ಚಿಯತ್ತ ನಡೆಸಿದ. ಅಂಪೈರ್ ಸೀಟಿ ಊದಿದ. ಬಿದ್ದಿದ್ದ ಆಟಗಾರ ತೂರಾಡುತ್ತ ರೈಡಿಗೆ ಹೋದ.

ನಾನು ಕೂರಲಿಲ್ಲ. ವೇದಿಕೆ ಹತ್ತಿ ಹಾರ ತೆಗೆದು ಮೇಜಿನ ಮೇಲಿಟ್ಟೆ. ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರ ಎದುರಿಗೇ ಮೈದಾನ ದಾಟಿ ಹೊರಬಂದೆ.