ಗಾಣದ ಮನೆಯ ಆಯಿ ಮತ್ತು ಉಬ್ಬಸದ ಬೆಕ್ಕು

ನಾನು ಹುಡುಗಿಯಾಗಿದ್ದಾಗ ಅಳವಂಡಿಯಲ್ಲಿ ನಮ್ಮ ಪಕ್ಕದ ಮನೆ ಎಣ್ಣೆ ಗಾಣದವರದು. ಆ ಮನೆಯ ಆಯಿ ಮಾತಾಡುವಾಗೆಲ್ಲ ಅಂಗೈಯ ಎಣ್ಣೆಯನ್ನು ತಲೆಗೆ ಒರೆಸಿಕೊಳ್ಳುತ್ತಿದ್ದಳು. ಬೀಡಾಡಿ ಬೆಕ್ಕೊಂದು ಅವಳ ಹಿತ್ತಲು ಸೇರಿತ್ತು. ಮುಟ್ಟಹೋದವರನ್ನು ಪರಚುತ್ತಿತ್ತು. ಅದಕ್ಕೆ ಎಂದೂ ಬಿಡದ ಉಬ್ಬಸ. ಬಾಯಿಗೆ ಔಷಧ ಹಾಕುವುದು ಆಗದ ಮಾತು. ಆಯಿ ಹಿಪ್ಪಲಿ ಪುಡಿಯನ್ನು ತುಪ್ಪದಲ್ಲಿ ಕಲಸಿ, ಅದು ಹಾಲು ಕುಡಿಯುವಾಗ ಕೋಲಿನ ತುದಿಯಿಂದ ಮುಂಗಾಲಿಗೆ ಹಚ್ಚಿಬಿಡುತ್ತಿದ್ದಳು. ಕಾಲು ಹೊಲಸಾಯಿತೆಂದು ಬೆಕ್ಕು ಸಿಟ್ಟಿನಿಂದ ಪೂರ್ತಿ ನೆಕ್ಕುತ್ತಿತ್ತು. ಬೆಕ್ಕು ಸಾಕಿದ್ದೀರಾ ಎಂದು ಯಾರು ಕೇಳಿದರೂ, "ನಮ್ದಲ್ರಿ ಅದು, ಹಂಗ ಬರತೈತಿ" ಎನ್ನುತ್ತಿದ್ದಳು.

ನಿಜಾಮರ ಆಳಿಕೆಯ ಕೊನೆಗಾಲದಲ್ಲಿ ಪ್ಲೇಗು ಬಂದು ಊರೆಲ್ಲ ಹೊಲದ ಗುಡಿಸಲುಗಳಿಗೆ ಹೊರಟಿತು. ಗಾಣದ ಮನೆಯ ಚಕ್ಕಡಿಯೂ ಹೂಡಿ ನಿಂತಿತ್ತು. ಆಯಿ ಮಾತ್ರ ತುಪ್ಪದ ಬಟ್ಟಲು ಹಿಡಿದು ಹಿತ್ತಲ ಬಾಗಿಲಲ್ಲಿ ಕೂತಿದ್ದಳು.

"ಯವ್ವಾ, ಮನ್ಯಾಗ ಇಲಿ ಸತ್ತು ಬಿದ್ದಾವ, ಏಳ್ತಿಯೋ ಇಲ್ಲೋ?" ಎಂದು ಮಗ ಅರಚಿದ. ಅವಳು ಕದಲಲಿಲ್ಲ.

ಹೊತ್ತು ಇಳಿಯುವಾಗ ಬೆಕ್ಕು ಬಂತು. ಅದು ಕಾಲು ನೆಕ್ಕುವುದರಲ್ಲಿ ಮುಳುಗಿದ್ದಾಗ ಮೇಲೆ ಕೌದಿ ಹಾಕಿ, ಸುತ್ತಿ ಎತ್ತಿಕೊಂಡು ಚಕ್ಕಡಿ ಹತ್ತಿದಳು. ಮೊಳಕೈವರೆಗೂ ಪರಚಿದ ಗಾಯ.

"ನಿಮ್ದಲ್ಲ ಅಂತಿದ್ರಲ್ಲ ಆಯಿ?" ಎಂದು ಚಕ್ಕಡಿಯ ಪಕ್ಕ ನಿಂತಿದ್ದ ನಾನು ಕೇಳಿದೆ.

ಅವಳು ಕೌದಿಗೆ ಕಿವಿಯಿಟ್ಟು ಅದರ ಉಸಿರು ಆಲಿಸುತ್ತಿದ್ದಳು.

"ಬೆಕ್ಕು ನಮ್ದಲ್ಲ ಯವ್ವಾ. ಅದರ ಉಬ್ಬಸ ನಮ್ದು."