ಹೊರಸಿನ ಕೆಳಗೆ ಬೆಂಕಿ, ಕಿಟಕಿಯಲ್ಲಿ ಕೂಲರ್

ಹೊರಸಿನ ಕೆಳಗೆ ಕುಳ್ಳಿನ ಬೆಂಕಿ. ಹೊರಸಿನ ಮೇಲೆ ನನ್ನ ತಂಗಿ. ಅವಳ ಮಗ್ಗುಲಲ್ಲಿ ಹದಿನೇಳು ದಿನದ ಕೂಸು. ಹೊರಗೆ ಮೇ ತಿಂಗಳ ಸಿಂಧನೂರು.

ಇನ್ನೇನು ಬೇಕು ಹೇಳಿ?

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಣಂತಿಯ ಮೈ ಕಾಯಿಸಬೇಕು, ಅವಳಿಗೆ ಗಾಳಿ ಬಡಿಯಬಾರದು. ಅದಕ್ಕೇ ಹೊರಸಿನ ಕೆಳಗೆ ಬೆಂಕಿಯ ಅಗ್ಗಿಷ್ಟಿಗೆ, ಅದಕ್ಕೆ ಉದುರಿಸಿದ ಅಜವಾನದ ಹೊಗೆ, ಕಿವಿಗೆ ಬಿಗಿದು ಕಟ್ಟಿದ ಬಟ್ಟೆ, ಹಿತ್ತಲ ಕಡೆಯ ಕಿಟಕಿಗೆ ಮೊಳೆ ಹೊಡೆದ ಕಂಬಳಿ. ಹೀಗೆ ನಲವತ್ತು ದಿನ. ಹೆರಿಗೆ ಡಿಸೆಂಬರಿನಲ್ಲಾದರೂ ಅಷ್ಟೇ, ಮೇ ತಿಂಗಳಲ್ಲಾದರೂ ಅಷ್ಟೇ. (ಪದ್ಧತಿಗೆ ಕ್ಯಾಲೆಂಡರ್ ನೋಡುವ ಅಭ್ಯಾಸವಿಲ್ಲ.)

ತಂಗಿ ಗಿರಿಜಾ ಲಿಂಗಸುಗೂರಿನಿಂದ ತವರಿಗೆ ಬಂದದ್ದು ಚೊಚ್ಚಲ ಹೆರಿಗೆಗೆ. ಕೂಸಿನ ಕತ್ತು, ಬೆನ್ನ ತುಂಬ ಬೆವರುಸಾಲೆ ಎದ್ದಿತ್ತು. ಅದು ಅಳು ನಿಲ್ಲಿಸುತ್ತಿರಲಿಲ್ಲ, ಇವಳಿಗೆ ಕಣ್ಣು ಮುಚ್ಚುವಷ್ಟು ಪುರುಸೊತ್ತಿಲ್ಲ. ಹೋದ ಸೋಮವಾರ ಮುಂಜಾನೆ ಅವಳ ತಾಳ್ಮೆ ಮುಗಿಯಿತು.

"ಅಣ್ಣಾ, ಈ ಕ್ವಾಣಿ ತಂಪು ಮಾಡ್ತೀಯೋ, ಇಲ್ಲಾ ಶನಿವಾರ ನಾ ಕೂಸಿನ ಕರಕೊಂಡು ಬಸ್ ಹತ್ತಲೋ?"

ಅವ್ವನ ಮುಖ ಕಪ್ಪಿಟ್ಟಿತು. ತವರಿನ ಬಾಣಂತನವನ್ನು ಅರ್ಧಕ್ಕೆ ಬಿಟ್ಟು ಮಗಳು ಗಂಡನ ಮನೆಗೆ ಹೋದರೆ ಓಣಿಯಲ್ಲಿ ತಲೆ ಎತ್ತುವುದು ಹೇಗೆ? ಅದೂ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಸಲಹೆ ಕೇಳುವುದು ನಮ್ಮವ್ವನನ್ನು!

"ಬೆಂಕಿ ತೆಗಿಯಾಂಗಿಲ್ಲ. ಬೇಕಾದ್ರ ನಿಮ್ಮಪ್ಪನ ಕೂಲರ್ ತಂದು ಹಚ್ಚು," ಅಂದಳು.

ಅಪ್ಪನ ಕೂಲರ್! ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ತಗಡಿನ ಡಬ್ಬಿ. ಅಪ್ಪ ಇದ್ದಾಗ ಪಡಸಾಲೆಯ ಕಿಟಕಿಯಲ್ಲಿ ಅವರ ಆರಾಮ ಕುರ್ಚಿಗೆ ನೇರವಾಗಿ ಕೂರಿಸಿದ್ದು. ಸ್ವಿಚ್ ಒತ್ತಿದರೆ ಮನೆಯ ಬಲ್ಬುಗಳೆಲ್ಲ ಕಣ್ಣು ಕಿರಿದು ಮಾಡುತ್ತಿದ್ದವು. ಸದ್ದು ಥೇಟ್ ಹಿಟ್ಟಿನ ಗಿರಣಿ. ಒಳಗಿನ ಒದ್ದೆ ಹುಲ್ಲಿನಿಂದ ಎಮ್ಮೆ ಕೊಟ್ಟಿಗೆಯ ವಾಸನೆ. ಅದರ ಮೈಗೆ ಕೈ ತಾಗಿಸಿದರೆ ಒಂದು ಸಣ್ಣ ಶಾಕು ಬೇರೆ, ಪುಕ್ಕಟೆ. ಅದನ್ನು ಬಾಣಂತಿಯ ಕೋಣೆಗೆ ಹಚ್ಚುವುದೇ? ನಾನು ಒಲ್ಲೆ ಅಂದೆ.

ಮಸ್ಕಿಯಿಂದ ಬಂದು ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿರುವ ಮೌಲಾಸಾಬ ಕೂಲರ್ ಕಟ್ಟುವುದರಲ್ಲಿ ಪಳಗಿದ ಕೈ. ಹಳೆಯದನ್ನು ಅವನ ಅಂಗಡಿಗೆ ಸಾಗಿಸಿ ಹೊಸದು ತಂದೆ. ಫೈಬರ್ ಬಾಡಿ, ಸಣ್ಣ ಮೋಟರ್, ಸದ್ದೇ ಇಲ್ಲ, ಕರೆಂಟು ಅರ್ಧಕ್ಕರ್ಧ ಕಡಿಮೆ. ಮಂಗಳವಾರ ಮುಂಜಾನೆ ಬೀದಿ ಕಡೆಯ ಕಿಟಕಿಗೆ ಹೊರಗಿನಿಂದಲೇ ಕೂರಿಸಿದ. "ಸರ್, ಇನ್ನೊಂದು ಮಾತು ಕೇಳ್ರಿ..." ಅಂದ.

"ನಂಗೆಲ್ಲಾ ಗೊತ್ತೈತಿ, ನೀ ನಡಿ," ಅಂದೆ.

(ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಈಗಲೇ ನಗಬೇಡಿ.)

ಆಮೇಲೆ ನಾನು ಮಾಡಿದ್ದು ನಮ್ಮ ಸೀಮೆಯ ಯಾವ ಮನುಷ್ಯನಾದರೂ ಮಾಡುವಂಥದ್ದೇ. ಬೇಸಗೆಯಲ್ಲಿ ಹತ್ತು ಗಂಟೆಯೊಳಗೆ ಬಾಗಿಲು, ಕಿಟಕಿ ಬಿಗಿಯಾಗಿ ಹಾಕಿ ಬಿಸಿಗಾಳಿಯನ್ನು ಹೊರಗಿಡುವುದು ನಮಗೆ ಹುಟ್ಟಿದಾಗಿನಿಂದ ರೂಢಿ. ಕೂಲರ್ ಹಚ್ಚಿ, ಬಾಗಿಲು ಹಾಕಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದೆ. ಕೊಂಡು ತಂದ ತಂಪು ಸೋರಿ ಹೋಗಬಾರದಲ್ಲ! ಹಿತ್ತಲ ಕಿಟಕಿಗೆ ಕಂಬಳಿ ಇದ್ದೇ ಇತ್ತು. ಹೊರಸಿನ ಕೆಳಗೆ ಅವ್ವನ ಬೆಂಕಿಯೂ ಇತ್ತು. ತಾಯಿ-ಮಗಳ ನಡುವೆ ನಾನು ಮಾಡಿಸಿದ ಕಾಂಪ್ರಮೈಸ್ ಅದು: ಕೆಳಗೆ ಬೆಂಕಿ, ಮೇಲೆ ಕೂಲರ್.

ಎರಡು ತಾಸಿಗೆ ಗೋಡೆ ಬೆವರಿತು. ಹಾಸಿಗೆ ಜಿಗಿಜಿಗಿ. ಕೂಸು ಮೊದಲಿಗಿಂತ ಜೋರಾಗಿ ಕಿರುಚತೊಡಗಿತು.

"ಹಳೇದಾ ಚಲೋ ಇತ್ತು," ಅಂದಳು ಅವ್ವ, ದನಿಯಲ್ಲಿ ಸಣ್ಣ ಖುಷಿ. ಗಿರಿಜಾ ಮೂಲೆಯ ಬ್ಯಾಗ್ ಎಳೆದು ಕೂಸಿನ ಬಟ್ಟೆ ಮಡಿಸಿ ತುಂಬತೊಡಗಿದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಈ ಬಿಸಿಲಲ್ಲಿ, ಈ ಕೂಸಿನ ಜೊತೆ, ಲಿಂಗಸುಗೂರಿನ ಬಸ್ಸಿನಲ್ಲೇ?

ಮರುದಿನ ಮೌಲಾಸಾಬನ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಪಾಪ, ಸೈಕಲ್ ಹತ್ತಿ ಬಂದ. ಬಾಣಂತಿಯ ಕೋಣೆಗೆ ಹೊರಗಿನ ಗಂಡಸರು ಕಾಲಿಡುವುದಿಲ್ಲ. ಬೀದಿಯಲ್ಲೇ ನಿಂತು ಕೂಲರ್ ಮೇಲಿನ ಸಂದಿಯಲ್ಲಿ ಕೈ ತೂರಿಸಿ ನೋಡಿದ. ತಟ್ಟನೆ ಹಿಂದಕ್ಕೆಳೆದುಕೊಂಡ.

"ಅರೇ ಮಾಸ್ತರ್! ಒಳಗ ಬಾಣಂತಿ ಅದಾಳೋ, ಮಿಲ್ಲಿನ್ಯಾಗಿನಂಗ ಭತ್ತ ಕುದಸಾಕತ್ತೀರೋ?"

ಭತ್ತದ ಸೀಮೆಯವನಾದ ನನಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅವನೇ ಮುಂದುವರಿಸಿದ: "ಇದು ಹೊರಗಿನ ಗಾಳಿ ತೋಯ್ಸಿ ಒಳಗ ದಬ್ತೈತ್ರಿ. ಒಳಗ ಬಂದಷ್ಟು ಹೊರಗ ಹೋಗಬೇಕು. ನಿನ್ನೆ ಅದನ್ನ ಹೇಳಾಕ ಹೊಂಟಿದ್ದೆ. ಎದುರಿನ ಕಿಡಕಿ ತೆಗೀರಿ. ಆ ಬೆಂಕಿನೂ ತೆಗೀರಿ."

ಬಾಷ್ಪೀಭವನದ ಪಾಠವನ್ನು ವರ್ಷಕ್ಕೊಮ್ಮೆ ಮಾಡುವ ಮಾಸ್ತರ ನೆಲ ನೋಡುತ್ತ ನಿಂತ. (ಈಗ ನಗಬಹುದು.)

ಎದುರಿನ ಕಿಟಕಿ ಅಂದರೆ ಕಂಬಳಿಯ ಕಿಟಕಿ. ನಾನು ಒಳಗೆ ಬಂದೆ. ಕೋಣೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈಗ ಕುರುಕ್ಷೇತ್ರ ಅಂದುಕೊಂಡೆ. ಗಿರಿಜಾ ಬ್ಯಾಗಿನ ಮೇಲೆ ಕೈ ಇಟ್ಟುಕೊಂಡೇ ಅವ್ವನ ಮುಖ ನೋಡುತ್ತಿದ್ದಳು.

ಅವ್ವ ನನ್ನ ಕಡೆ ತಿರುಗಿದಳು.

"ನೀ ಹುಟ್ಟಿದಾಗೂ ಹಿಂಗ ಬ್ಯಾಸಗಿ. ತವರಿಗೆ ಕಳಸಲಿಲ್ಲ, ಇಲ್ಲೇ ಹಡದೆ. ನಮ್ಮತ್ತಿ ಇದಾ ಕಿಡಕಿಗೆ ಕಂಬಳಿ ಬಡದಿದ್ಲು. ನಂಗ ಉಸಿರು ಕಟ್ಟಿ ಜೀವ ಹೋದಂಗ ಆಗ್ತಿತ್ತು. ತೆಗೀರಿ ಅಂತ ಯಾರಿಗೆ ಹೇಳಬೇಕಿತ್ತಪಾ? ಹೇಳಲಿಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ಕಂಬಳಿಯ ತುದಿ ಹಿಡಿದು ಒಂದೇ ಎಳೆತ. ಮೊಳೆಗಳು ಟಣ್ಣನೆ ನೆಲಕ್ಕೆ ಬಿದ್ದವು. ಸೆರಗು ಸುತ್ತಿದ ಕೈಯಲ್ಲಿ ಅಗ್ಗಿಷ್ಟಿಗೆ ಎತ್ತಿಕೊಂಡು ಹೋಗಿ ಹಿತ್ತಲಲ್ಲಿಟ್ಟು ಬಂದಳು. "ಎರಕೊಂಡ ಮ್ಯಾಲ ಅರ್ಧ ತಾಸು ಕಾಸಿದ್ರ ಸಾಕು," ಅಂತ ತೀರ್ಪು ಕೊಟ್ಟಳು. ಗಿರಿಜಾ ಸಲಿಗೆ ಸಿಕ್ಕಿತೆಂದು ತಲೆಯ ಬಟ್ಟೆಗೆ ಕೈ ಹಾಕಿದಳು ನೋಡಿ, "ಲೇ, ಕಿವಿ ಮಾತ್ರ ಬಿಚ್ಚೀಯವ್ವ!" ಎಂಬ ಗುಡುಗು.

ಮೌಲಾಸಾಬ ಬೀದಿಯಿಂದಲೇ ಸ್ವಿಚ್ ಹಾಕಲು ಹೇಳಿದ. ಈ ಕಿಟಕಿಯಿಂದ ಬಂದ ಗಾಳಿ ಆ ಕಿಟಕಿಯಿಂದ ಹಿತ್ತಲಿಗೆ ಹೋಯಿತು. ಗೋಡೆ ಒಣಗಿತು. ಸ್ವಲ್ಪ ಹೊತ್ತಿಗೆ ಕೂಸು ಅಳು ನಿಲ್ಲಿಸಿತು, ಆಮೇಲೆ ತಾಯಿಯೂ ನಿದ್ದೆ ಹೋದಳು. ಹದಿನೇಳು ದಿನದ ಬಾಕಿ ನಿದ್ದೆ. ಶನಿವಾರದ ಬಸ್ಸು ಗಿರಿಜಾಳನ್ನು ಬಿಟ್ಟೇ ಹೋಯಿತು. ಬೆವರುಸಾಲೆ ಬಾಡುತ್ತಿದೆ. ಓಣಿಯ ಹೆಂಗಸರು ಬಂದು ಕಿಟಕಿ ನೋಡಿ ಹುಬ್ಬೇರಿಸುತ್ತಾರೆ. ಅವ್ವ ಅವರಿಗೆ ಗಾಳಿ ಹೇಗೆ ಒಳಗೆ ಬಂದು ಹೊರಗೆ ಹೋಗಬೇಕೆಂದು ಕೈ ತಿರುಗಿಸಿ ಪಾಠ ಮಾಡುತ್ತಾಳೆ. ನನಗಿಂತ ಚೆನ್ನಾಗಿ ಮಾಡುತ್ತಾಳೆ, ಒಪ್ಪಿಕೊಳ್ಳಬೇಕು.

ನಿನ್ನೆ ಮಧ್ಯಾಹ್ನ ಬಾಣಂತಿಯ ಕೋಣೆಗೆ ಇಣುಕಿದೆ. ಅವ್ವ ಒಲೆ ಮುಂದೆ ರೊಟ್ಟಿ ಬಡಿದು ಮುಗಿಸಿ ಬಂದಿದ್ದಳು. ಹೊರಸಿನ ಕಾಲ ಬಳಿ, ಕೂಲರ್ ಗಾಳಿಗೆ ಸರಿಯಾಗಿ, ನೆಲದ ಮೇಲೆ ಕಣ್ಣು ಮುಚ್ಚಿ ಕೂತಿದ್ದಾಳೆ. ಸೆರಗು ಹಾರುತ್ತಿದೆ. ನನ್ನ ಹೆಜ್ಜೆ ಸಪ್ಪಳಕ್ಕೆ ಗಡಬಡಿಸಿ ಎದ್ದಳು.

"ಕೂಸಿಗೆ ಗಾಳಿ ಹೆಚ್ಚಾಗ್ತೈತೇನೋ ಅಂತ ನೋಡಾಕತ್ತಿದ್ದೆ," ಅಂದಳು.

ಹಳೆಯ ಕೂಲರ್ ಅಷ್ಟು ವರ್ಷ ನಮ್ಮ ಪಡಸಾಲೆಯಲ್ಲಿ ತಿರುಗಿತಲ್ಲ, ಅದರ ಮುಂದೆ ಅವ್ವ ಒಂದು ದಿನವಾದರೂ ಕೂತಿದ್ದನ್ನು ನಾನು ನೋಡಿದ್ದೇನೆಯೇ?