ಮೂರು ದಿನದ ನೌಕರಿ, ಆರು ದಿನದ ದುಡಿಮೆ

ನೆದರ್ಲೆಂಡ್ಸಿನ ಆಲ್ಮೆರೆ ಊರಿನ ನಮ್ಮ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಯ ಮೇಲೆ ಕೂತು ನನ್ನ ನಾದಿನಿ ಅತ್ತದ್ದು ಒಂದೇ ಸಲ. ಕೆಲಸ ಬಿಡುತ್ತೇನೆ ಅಂದಳು. ಮೈಸೂರಿನಲ್ಲಿ ಒಂಬತ್ತು ವರ್ಷ ಗಣಿತ ಕಲಿಸಿದವಳು. ಇಲ್ಲಿಗೆ ಬಂದ ಮೇಲೆ ಡಚ್ ಕಲಿತು, ಪರೀಕ್ಷೆಗಳನ್ನು ಮುಗಿಸಿ, ನಲವತ್ತರ ಹೊಸ್ತಿಲಲ್ಲಿ ಒಂದು ಪ್ರಾಥಮಿಕ ಶಾಲೆ ಸೇರಿದ್ದಳು. ಅಷ್ಟು ಕಷ್ಟಪಟ್ಟು ಗಿಟ್ಟಿಸಿದ್ದನ್ನು ಒಂದೇ ವರ್ಷದೊಳಗೆ ಬಿಡುವುದೇ?

ಕೆಲಸ ವಾರಕ್ಕೆ ಮೂರೇ ದಿನ, ಸೋಮವಾರದಿಂದ ಬುಧವಾರ. ಆದರೆ ಗುರುವಾರ ಸಭೆ, ಶುಕ್ರವಾರ ಶಾಲೆಯ ತೋಟ, ಶನಿವಾರ ಮನೆಯಲ್ಲಿ ಪುಸ್ತಕ ತಿದ್ದುವುದು.

“ಉಳಿದೋರೆಲ್ಲ ನಗ್ತಾ ಸೈಕಲ್ ಹತ್ತಿ ಹೋಗ್ತಾರೆ ಅತ್ತಿಗೆ. ನನ್ನ ಕೈಲೇ ಆಗ್ತಿಲ್ಲ. ನಾನೇ ದಡ್ಡಿ.”

“ದಡ್ಡಿ ಅಲ್ಲ, ಅಗ್ಗ ಆಗಿದೀಯ,” ಅಂದೆ. “ಸಂಬಳದಲ್ಲಿ ಎರಡು ಮೆಟ್ಟಿಲು ಮೇಲೆ ಕೇಳು. ಒಂದಾದರೂ ಕೊಡ್ತಾರೆ.”

ಸಗಟು ವ್ಯಾಪಾರಿಗಳ ಹತ್ತಿರ ನಾನು ಹಾಗೆಯೇ ಗೆದ್ದವಳು. ಅವಳು ಹೋಗಿ ಹಾಗೆಯೇ ಕೇಳಿದಳು. ಮುಖ್ಯೋಪಾಧ್ಯಾಯಿನಿ ಸಿಟ್ಟಾಗಲಿಲ್ಲವಂತೆ. ಸಂಬಳದ ಪಟ್ಟಿ ತೆರೆದು, “ಇದನ್ನು ಶಿಕ್ಷಕರ ಸಂಘಗಳೂ ಆಡಳಿತದವರೂ ಕೂತು ಗೊತ್ತುಮಾಡಿದ್ದು. ನಿಮ್ಮ ಊರಿನ ಅನುಭವವನ್ನು ಲೆಕ್ಕಕ್ಕೆ ಹಿಡಿದೇ ಈ ಮೆಟ್ಟಿಲಿಗೆ ಹಾಕಿದ್ದೇವೆ. ಇದನ್ನು ಎತ್ತುವುದು ನನ್ನ ಕೈಯಲ್ಲಿಲ್ಲ,” ಎಂದರಂತೆ. ಒಂದೇ ದರ ಅಂತ ಬೋರ್ಡು ಹಾಕಿದ ಅಂಗಡಿಗೆ ನಾನು ಅವಳನ್ನು ಚೌಕಾಸಿಗೆ ಕಳಿಸಿದ್ದೆ. ನಾಚಿಕೆಯಿಂದ ಕುಗ್ಗಿಹೋದ ಹುಡುಗಿ ಮನೆಗೆ ಬಂದು ರಾಜೀನಾಮೆ ಪತ್ರ ಬರೆದೇಬಿಟ್ಟಳು. ಸೋಮವಾರ ಕೊಡುವುದೆಂದು ನಿಶ್ಚಯ.

ತಪ್ಪು ನನ್ನದು, ನಿದ್ದೆ ಹತ್ತೀತೇ? ಭಾನುವಾರ ಅವಳ ಮನೆಗೆ ಹೋಗಿ, “ಕೆಲಸಕ್ಕೆ ಸೇರಿದಾಗ ಕೊಟ್ಟರಲ್ಲ, ಆ ಒಪ್ಪಂದದ ಪುಸ್ತಕ ತೆಗಿ,” ಅಂದೆ. ಫ್ರಿಜ್ಜಿನ ವಾರಂಟಿ ಕಾರ್ಡಿನ ಜೊತೆ, ಒಮ್ಮೆಯೂ ಬಿಚ್ಚದೆ ಇಟ್ಟಿದ್ದಳು. ಅವಳು ಡಚ್ಚಿನಲ್ಲಿ ಓದಿ ಹೇಳುವುದು, ನಾನು ಕೊಕ್ಕೆ ಹಾಕುವುದು.

“ಪೂರ್ತಿ ನೌಕರಿಗೆ ವಾರಕ್ಕೆ ನಲವತ್ತು ಗಂಟೆ. ನಿನ್ನದು ಐದರಲ್ಲಿ ಮೂರು ಪಾಲು. ಎಷ್ಟಾಯ್ತು, ಗಣಿತದ ಮೇಡಂ?”

“ಇಪ್ಪತ್ತನಾಲ್ಕು.”

“ಬರೀ ಪಾಠಕ್ಕಾ?”

ಮತ್ತೆ ಓದಿದಳು, ಈ ಸಲ ಬೆರಳಿಟ್ಟು. ಪಾಠ, ತಯಾರಿ, ತಿದ್ದುವುದು, ಪೋಷಕರ ಜೊತೆ ಮಾತು. “ಸಭೆನೂ ಇದರೊಳಗೇ ಇದೆ ಅತ್ತಿಗೆ…”

ಆಮೇಲೆ ಇನ್ನೊಂದು ಹಾಳೆ ಸಿಕ್ಕಿತು. ವರ್ಷದ ಶುರುವಿನಲ್ಲಿ ಯಾರು ಯಾವ ಕೆಲಸ ಮಾಡುವುದು, ಅದಕ್ಕೆ ಎಷ್ಟು ಗಂಟೆ ಎಂದು ಪ್ರತಿ ಶಿಕ್ಷಕರೂ ಬರೆದುಕೊಡುವ ಹಾಳೆ. ಉಳಿದವರು ವಾದ ಮಾಡಿ ತುಂಬಿದ್ದರು. ಇವಳು ಯಾರೂ ಒಪ್ಪದ ಕೆಲಸಗಳಿಗೆಲ್ಲ ಗುರುತು ಹಾಕಿ, ಗಂಟೆಯ ಸಾಲನ್ನು ಖಾಲಿ ಬಿಟ್ಟು ಸಹಿ ಮಾಡಿದ್ದಳು. ಮೈಸೂರಿನಲ್ಲಿ ಜನಗಣತಿ, ಚುನಾವಣೆ, ಪೋಲಿಯೊ ಹನಿ, ಯಾವ ಕೆಲಸ ಬಂದರೂ ಚೀಟಿ ನೋಡಿ ಸಹಿ ಮಾಡಿದ್ದ ಕೈ ಅದು.

“ಟೀಚರ್ ಗಂಟೆ ಎಣಿಸೋಕೆ ಕೂತ್ರೆ ಮಕ್ಕಳು ಏನು ಕಲೀತಾರೆ?” ಎಂದು ನನ್ನನ್ನೇ ಕೇಳಿದಳು.

ನಗಲು ಮನಸ್ಸಾಗಲಿಲ್ಲ. ಅದು ಅವಳ ಒಳ್ಳೆಯತನ. ಆದರೆ ಸುಸ್ತಾಗಿ ಕೆಲಸ ಬಿಟ್ಟ ಟೀಚರಿಂದ ಮಕ್ಕಳು ಕಲಿಯುವುದಾದರೂ ಏನು? ಇಲ್ಲಿ ಮೇಷ್ಟರ ಕೆಲಸಕ್ಕೆ ಸೇರುವವರಿಗೆಲ್ಲ ಅಂದಿನಿಂದ ಹೇಳುತ್ತಲೇ ಇದ್ದೇನೆ: ಸಂಬಳದ ಪಟ್ಟಿಯನ್ನು ಒಮ್ಮೆ ನೋಡಿ, ಗಂಟೆಗಳ ಪುಟವನ್ನು ಮೂರು ಸಲ ಓದಿ. ಚೌಕಾಸಿ ನಡೆಯುವುದು ಅಲ್ಲಿ. ಅದೂ ಸಹಿ ಹಾಕುವುದಕ್ಕೆ ಮುಂಚೆ.

ಖಾಲಿ ಸಾಲನ್ನು ಇಬ್ಬರೂ ಪೆನ್ಸಿಲಿನಲ್ಲಿ ತುಂಬಿದೆವು. ಪಾಠವೂ ಸೇರಿ ವಾರಕ್ಕೆ ಮೂವತ್ತೇಳು ಗಂಟೆ ಬಂತು. ಅವಳು ಎರಡು ಸಲ ಕೂಡಿ ನೋಡಿದಳು.

“ನಾಳೆ ಮೊದಲು ಈ ಹಾಳೆ ಕೊಡು. ದೂರಬೇಡ, ಅಂಗಲಾಚಬೇಡ. ‘ಯಾವುದನ್ನು ಬಿಡಲಿ?’ ಅಂತ ಮಾತ್ರ ಕೇಳು. ಆಗಲಿಲ್ಲ ಅಂದ್ರೆ ಪತ್ರ ಇದ್ದೇ ಇದೆ.”

ಮುಖ್ಯೋಪಾಧ್ಯಾಯಿನಿ ಹಾಳೆಯನ್ನು ಬಹಳ ಹೊತ್ತು ನೋಡಿದರಂತೆ. “ನೀವೇ ಸಹಿ ಹಾಕಿದ್ದಿರಿ. ಇಷ್ಟಪಟ್ಟು ವಹಿಸಿಕೊಂಡಿದ್ದೀರಿ ಅಂದುಕೊಂಡೆ. ಇಷ್ಟು ದಿನ ಯಾಕೆ ಹೇಳಲಿಲ್ಲ?” ಆ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾದ ಬೇಸರವಿತ್ತು ಅಂದಳು ನಾದಿನಿ. ಅಲ್ಲೇ ಕೂತು ಹಬ್ಬದ ಅಲಂಕಾರ, ಎರಡು ಸಮಿತಿಗಳನ್ನು ಹೊಡೆದುಹಾಕಿದರು. ಸಭೆ ಮಂಗಳವಾರಕ್ಕೆ ಬಂತು. ನಾನಾಗಿದ್ದರೆ ಮೊದಲು ತೋಟವನ್ನೇ ಬಿಡುತ್ತಿದ್ದೆ. ಅವಳು ಅದನ್ನು ಬಿಡದೆ, ಬುಧವಾರ ಮಧ್ಯಾಹ್ನಕ್ಕೆ ತಂದುಕೊಂಡಳು. ಪತ್ರ ಕೊಡಲೇ ಇಲ್ಲ.

ಆಮೇಲಿನ ಗುರುವಾರ ಅಂಗಡಿಗೆ ಮಾಲು ಬಂದಿತ್ತು. ಫೋನು ಮಾಡಿದೆ. “ಹೇಗೂ ಮನೇಲಿ ಖಾಲಿ ಕೂತಿರ್ತೀಯ, ಬಂದು ಬೇಳೆ ಜೋಡಿಸಿಕೊಡೇ.”

“ಇವತ್ತು ನನ್ನ ರಜೆ ಅತ್ತಿಗೆ. ನಾಳೆ ಹತ್ತರಿಂದ ಹನ್ನೆರಡು ಬರ್ತೀನಿ.”

“ಒಂದು ಗಂಟೆವರೆಗೆ ಇರು.”

“ಹನ್ನೆರಡು.”

ಬಂದಳು, ಸೊಗಸಾಗಿ ಜೋಡಿಸಿದಳು. ಊಟ ಮಾಡಿಕೊಂಡು ಹೋಗೇ ಎಂದು ನಾನು ಕೂಗುತ್ತಿರುವಾಗಲೇ ಸೈಕಲ್ ಹತ್ತಿ, ನಗುತ್ತಾ ಹೊರಟುಹೋದಳು.